ಚೇಳು ಕಡಿದರೆ ಏನು ನೋಡಬೇಕು, ಏನು ಮಾಡಬೇಕು

ಚೇಳು ಕಡಿದವರು ಉರಿ ತಾಳಲಾರದೆ ಕೂಗಾಡಿದರೆ ಮನೆಮಂದಿಯೆಲ್ಲ ಗಾಬರಿಯಾಗುತ್ತಾರೆ. ಅದೇ ವ್ಯಕ್ತಿ ಸುಮ್ಮನೆ ಕೂತು ಬೆವರುತ್ತಿದ್ದರೆ "ಸದ್ಯ, ಜಾಸ್ತಿ ನೋವಿಲ್ಲ" ಅಂತ ಸಮಾಧಾನ ಮಾಡಿಕೊಳ್ಳುತ್ತಾರೆ. ಹೆದರಬೇಕಾದ್ದು ಈ ಎರಡನೆಯವರನ್ನು ನೋಡಿ. ಕಡಿದ ಜಾಗದಲ್ಲಿ ಎಷ್ಟೇ ಉರಿಯಿರಲಿ, ಮೈಯಲ್ಲಿ ಬೇರೇನೂ ಆಗದಿದ್ದರೆ ಸಾಮಾನ್ಯವಾಗಿ ಒಂದು ದಿನದೊಳಗೆ ಸರಿಹೋಗುತ್ತದೆ. ಉರಿ ಅಷ್ಟಾಗಿ ಇಲ್ಲ, ಆದರೆ ವಾಂತಿ ಆಯಿತು, ಬಟ್ಟೆ ಒದ್ದೆಯಾಗುವಷ್ಟು ಬೆವರು ಬಂತು, ಕೈಕಾಲು ತಣ್ಣಗಾಯಿತು ಅಂದರೆ ವಿಷ ಒಳಗೆ ಕೆಲಸ ಶುರು ಮಾಡಿದೆ. ಮುಂದಿನದನ್ನೆಲ್ಲ ಓದಲು ಪುರುಸೊತ್ತಿಲ್ಲದಿದ್ದರೆ ಇದೊಂದನ್ನು ನೆನಪಿಟ್ಟುಕೊಳ್ಳಿ.

ಈಗಷ್ಟೇ ಕಡಿದಿದ್ದರೆ

1. ಗಡಿಯಾರ ನೋಡಿ, ಕಡಿದ ಹೊತ್ತನ್ನು ಬರೆದಿಡಿ. ಆಸ್ಪತ್ರೆಯಲ್ಲಿ ಡಾಕ್ಟರ್ ಕೇಳುವ ಮೊದಲ ಪ್ರಶ್ನೆಗಳಲ್ಲಿ ಇದೂ ಒಂದು. "ರಾತ್ರಿ ಊಟ ಆದ್ಮೇಲೆ" ಅನ್ನುವ ಉತ್ತರದಿಂದ ಅವರಿಗೆ ಏನೂ ಗೊತ್ತಾಗುವುದಿಲ್ಲ.

2. ದೀಪ ಹಾಕಿ, ಕಡಿಸಿಕೊಂಡವರನ್ನು ಆ ಜಾಗದಿಂದ ದೂರ ಕೂರಿಸಿ. ಹಾಸಿಗೆಯಲ್ಲೋ ಬಟ್ಟೆಯಲ್ಲೋ ಚೇಳು ಇನ್ನೂ ಇರಬಹುದು. ಒಂದೇ ಚೇಳು ಎರಡು ಮೂರು ಸಲ ಕುಟುಕುವುದು ಅಪರೂಪವೇನಲ್ಲ. ಚಿಕ್ಕ ಮಗುವಾದರೆ ಮೈಮೇಲಿನ ಬಟ್ಟೆಯನ್ನು ಪೂರ್ತಿ ಬಿಚ್ಚಿ ನೋಡಿ.

3. ಕಡಿದ ಕೈಯಲ್ಲಿ ಉಂಗುರ, ಬಳೆ, ದಾರ ಇದ್ದರೆ ತೆಗೆಯಿರಿ. ಕಾಲಾದರೆ ಗೆಜ್ಜೆ, ಕಾಲುಂಗುರ. ಊತ ಬಂದ ಮೇಲೆ ತೆಗೆಯುವುದು ಕಷ್ಟ.

4. ಸೋಪು ನೀರಿನಿಂದ ತೊಳೆಯಿರಿ. ಐಸ್ ಇದ್ದರೆ ಬಟ್ಟೆಯಲ್ಲಿ ಸುತ್ತಿ ಹತ್ತು ನಿಮಿಷ ಇಡಿ, ಹತ್ತು ನಿಮಿಷ ಬಿಡಿ. ಐಸನ್ನು ನೇರವಾಗಿ ಚರ್ಮಕ್ಕೆ ಒತ್ತಿ ಹಿಡಿಯಬೇಡಿ. ಫ್ರಿಜ್ ಇಲ್ಲವಾ, ತಣ್ಣೀರಲ್ಲಿ ಅದ್ದಿ ಹಿಂಡಿದ ಬಟ್ಟೆ ಸಾಕು.

5. ದೊಡ್ಡವರಿಗೆ, ವಾಂತಿ ಇಲ್ಲದಿದ್ದರೆ, ಪ್ಯಾರಾಸಿಟಮಾಲ್ 500 ಮಿಲಿಗ್ರಾಂ ಮಾತ್ರೆ ಒಂದನ್ನು ಕೊಡಬಹುದು. ಚೇಳಿನ ಉರಿಗೆ ಇದು ಪೂರ್ತಿ ಸಾಲುವುದಿಲ್ಲ. ಆದರೂ ಇದರಿಂದ ತೊಂದರೆಯಿಲ್ಲ.

6. ಓಡಾಡಿಸಬೇಡಿ. ಕಡಿದ ಕೈಕಾಲನ್ನು ಅಲುಗಾಡಿಸದೆ ಇಟ್ಟುಕೊಳ್ಳಲು ಹೇಳಿ. ಹೊರಡಲು ಗಾಡಿ ನೋಡಿ, ಇಲ್ಲವೇ 108ಕ್ಕೆ ಫೋನ್ ಮಾಡಿ.

ಯಾರು ಹೊರಡಬೇಕು? ಮಕ್ಕಳಾದರೆ ಯೋಚನೆ ಬೇಡ, ತಕ್ಷಣ. ಗರ್ಭಿಣಿಯರು, ವಯಸ್ಸಾದವರು, ಹೃದಯದ ಕಾಯಿಲೆಯೋ ಬಿಪಿಯೋ ಇರುವವರು ಕೂಡ ತಕ್ಷಣ. ಕಡಿದದ್ದು ಕೆಂಪು ಚೇಳು ಅನ್ನುವ ಅನುಮಾನವಿದ್ದರೆ ಯಾವ ವಯಸ್ಸಿನವರಾದರೂ ಸರಿ. ಗಟ್ಟಿಮುಟ್ಟಾದ ದೊಡ್ಡವರಿಗೆ ಕರಿ ಚೇಳು ಕಡಿದು ಬರೀ ಉರಿ ಇದ್ದರೆ ಮಾತ್ರ ಮನೆಯಲ್ಲಿ ಕಾದು ನೋಡಬಹುದು. ಆಗಲೂ ಪಕ್ಕದಲ್ಲಿ ಎಚ್ಚರವಾಗಿ ಒಬ್ಬರು ಇರಬೇಕು, ಹೊರಡಲು ಗಾಡಿ ಸಿದ್ಧವಿರಬೇಕು.

ಯಾವ ಚೇಳು ಅಂತ ಗೊತ್ತಾಗುವುದು ಹೇಗೆ

ಜಗತ್ತಿನಲ್ಲಿ ಸುಮಾರು 2,500 ಜಾತಿಯ ಚೇಳುಗಳಿವೆ. ಮನುಷ್ಯರ ಪ್ರಾಣಕ್ಕೆ ಅಪಾಯ ತರುವಂಥವು ಅದರಲ್ಲಿ ಕೆಲವೇ ಕೆಲವು. ನಮ್ಮ ದುರದೃಷ್ಟಕ್ಕೆ ಆ ಪಟ್ಟಿಯಲ್ಲಿ ಮೇಲಿರುವ ಒಂದು ಚೇಳು ನಮ್ಮ ಸುತ್ತಲೇ ಇದೆ. ಅದೇ ಭಾರತದ ಕೆಂಪು ಚೇಳು, ವಿಜ್ಞಾನದ ಹೆಸರು ಹೊಟ್ಟೆಂಟೋಟಾ ಟ್ಯಾಮುಲಸ್. ಕೊಂಕಣ, ಪಶ್ಚಿಮ ಮಹಾರಾಷ್ಟ್ರ, ಉತ್ತರ ಕರ್ನಾಟಕ, ಆಂಧ್ರ, ತಮಿಳುನಾಡು, ಪುದುಚೇರಿ, ಸೌರಾಷ್ಟ್ರ, ಇಲ್ಲೆಲ್ಲ ಇದರ ಕಾಟವಿದೆ.

ಬಣ್ಣ ನೋಡಿ ಮೋಸ ಹೋಗಬೇಡಿ. ಕೆಂಪು ಚೇಳು ಅಂದರೂ ಅದು ಕಂದು, ಕಿತ್ತಳೆ, ಹಳದಿ ಯಾವ ಛಾಯೆಯಲ್ಲೂ ಇರಬಹುದು. ಇಕ್ಕಳವನ್ನೂ ಬಾಲವನ್ನೂ ನೋಡಿ. ಇಕ್ಕಳ ತೆಳ್ಳಗೆ, ಬಾಲ ದಪ್ಪಗಿದ್ದರೆ ಜೋಪಾನ. ಇಕ್ಕಳ ದಪ್ಪ, ಬಾಲ ತೆಳ್ಳಗಿದ್ದರೆ ವಿಷ ಸಾಮಾನ್ಯವಾಗಿ ಕಡಿಮೆ. ದೊಡ್ಡ ಕರಿ ಚೇಳು ನೋಡಲು ಭಯಂಕರ, ಆದರೆ ಅದು ಬೇಟೆ ಹಿಡಿಯುವುದು ಹೆಚ್ಚಾಗಿ ಇಕ್ಕಳದ ಬಲದಿಂದ. ಸಣ್ಣ ಕೆಂಪು ಚೇಳಿಗೆ ಆ ಬಲವಿಲ್ಲ. ಅದು ನಂಬಿರುವುದು ಕೊಂಡಿಯನ್ನು. ಊರಲ್ಲಿ ಜನ ಹೆದರುವುದು ಮಾತ್ರ ದೊಡ್ಡದಕ್ಕೆ!

ಚೇಳು ಕಣ್ಣಿಗೆ ಬಿದ್ದರೆ ದೂರದಿಂದ ಮೊಬೈಲಿನಲ್ಲಿ ಒಂದು ಫೋಟೋ ತೆಗೆಯಿರಿ, ಅಷ್ಟು ಸಾಕು. ಅದನ್ನು ಹುಡುಕುತ್ತಾ ಅರ್ಧ ಗಂಟೆ ಕಳೆಯುವುದು, ಬಾಟಲಿಗೆ ತುಂಬಿಕೊಂಡು ಆಸ್ಪತ್ರೆಗೆ ತರುವುದು ಬೇಡ. ಚಿಕಿತ್ಸೆ ನಡೆಯುವುದು ರೋಗಿಯ ಲಕ್ಷಣ ನೋಡಿ.

ವಿಷ ಮೈಯೊಳಗೆ ಏನು ಮಾಡುತ್ತದೆ

ಇದನ್ನು ಸ್ವಲ್ಪ ತಾಳ್ಮೆಯಿಂದ ಓದಿ. ಇದು ತಿಳಿದರೆ ಏನು ಮಾಡಬೇಕು, ಏನು ಮಾಡಬಾರದು ಅನ್ನುವುದನ್ನು ಬಾಯಿಪಾಠ ಮಾಡಬೇಕಾಗಿಲ್ಲ.

ಬಾಲದ ತುದಿಯ ಉಬ್ಬಿನಲ್ಲಿ ಎರಡು ವಿಷಗ್ರಂಥಿಗಳಿವೆ. ಕೊಂಡಿಯ ಮೊನೆಯ ಹತ್ತಿರ ಎರಡು ಸಣ್ಣ ತೂತುಗಳಿವೆ. ಒಳಗೆ ಹೋಗುವ ವಿಷ ಬಹಳ ಸ್ವಲ್ಪ. ಒಮ್ಮೊಮ್ಮೆ ಕೊಂಡಿ ಚುಚ್ಚಿದರೂ ವಿಷವೇ ಹೋಗಿರುವುದಿಲ್ಲ. ಆದರೆ ಈ ವಿಷದಲ್ಲಿರುವ ಸಣ್ಣ ಸಣ್ಣ ಪ್ರೋಟೀನುಗಳು ನೇರವಾಗಿ ನರಗಳನ್ನೇ ಹುಡುಕಿ ಹೋಗುತ್ತವೆ.

ನರದಲ್ಲಿ ಸಂದೇಶ ಹರಿಯುವುದು ಸೋಡಿಯಂ ಒಳಗೆ ನುಗ್ಗುವ ಪುಟ್ಟ ಬಾಗಿಲುಗಳ ಮೂಲಕ. ಬಾಗಿಲು ತೆರೆಯಬೇಕು, ಕಣ್ಣು ಮಿಟುಕಿಸುವುದಕ್ಕಿಂತ ಬೇಗ ಮುಚ್ಚಬೇಕು. ಆಗ ಒಂದು ಸಂದೇಶ ಮುಗಿಯಿತು. ಚೇಳಿನ ವಿಷ ಈ ಬಾಗಿಲಿಗೆ ಅಡ್ಡಗಲ್ಲು ಇಟ್ಟುಬಿಡುತ್ತದೆ, ಮುಚ್ಚಲು ಬಿಡುವುದಿಲ್ಲ. ಸಂದೇಶ ಮುಗಿಯುವುದೇ ಇಲ್ಲ, ನರ ಒಂದೇ ಸಮನೆ ಚೀರುತ್ತಿರುತ್ತದೆ. ಕಡಿದ ಜಾಗದ ಆ ಉರಿಗೆ ಕಾರಣ ಇದೇ. ಇದು ಸಾಲದು ಅಂತ ವಿಷದ ಬೇರೆ ಕೆಲವು ಅಂಶಗಳು ನರವನ್ನು ಶಾಂತ ಮಾಡುವ ಪೊಟ್ಯಾಷಿಯಂ ದಾರಿಯನ್ನೂ ಮುಚ್ಚುತ್ತವೆ. ಐಬೀರಿಯೋಟಾಕ್ಸಿನ್ ಅಂತ ಅದರಲ್ಲೊಂದು. ನಮ್ಮ ಕೆಂಪು ಚೇಳಿನ ವಿಷದಿಂದಲೇ ಬೇರ್ಪಡಿಸಿದ್ದು. ನರಗಳ ಬಗ್ಗೆ, ರಕ್ತನಾಳಗಳ ಬಗ್ಗೆ ಸಂಶೋಧನೆ ಮಾಡುವವರು ಇದನ್ನು ಪ್ರಯೋಗಾಲಯದಲ್ಲಿ ಉಪಕರಣದಂತೆ ಬಳಸುತ್ತಾರೆ.

ಈ ಗದ್ದಲ ಕಡಿದ ಬೆರಳಿನಲ್ಲೇ ನಿಂತರೆ ಬರೀ ನೋವು. ವಿಷ ರಕ್ತಕ್ಕೆ ಸೇರಿದರೆ ಕಥೆ ಬೇರೆ. ಹೃದಯ, ಹೊಟ್ಟೆ, ಬೆವರಿನ ಗ್ರಂಥಿ, ರಕ್ತನಾಳ ಇವನ್ನೆಲ್ಲ ನಮಗೆ ಗೊತ್ತಿಲ್ಲದಂತೆಯೇ ನಡೆಸುವ ಎರಡು ಬಗೆಯ ನರಗಳಿವೆ. ಒಂದು ಮೈಯನ್ನು ನಿಧಾನ ಮಾಡುವಂಥದ್ದು, ಇನ್ನೊಂದು ಹುರಿದುಂಬಿಸುವಂಥದ್ದು. ವಿಷ ಎರಡನ್ನೂ ಕೆರಳಿಸುತ್ತದೆ.

ಮೊದಲು ಕಾಣಿಸುವುದು ಸಾಮಾನ್ಯವಾಗಿ ಮೊದಲ ಬಗೆಯ ನರಗಳ ಆಟ. ವಾಂತಿ, ಬಾಯಲ್ಲಿ ಜೊಲ್ಲು, ಧಾರಾಕಾರ ಬೆವರು, ನಾಡಿ ನಿಧಾನವಾಗುವುದು. ಗಂಡಸರಲ್ಲಿ, ಗಂಡು ಮಕ್ಕಳಲ್ಲಿ ಶಿಶ್ನ ನಿಮಿರಿ ಹಾಗೆಯೇ ನಿಂತುಬಿಡುವುದೂ ಒಂದು ಮುಖ್ಯ ಲಕ್ಷಣ. ಇದನ್ನು ಹೇಳಲು ಮನೆಯವರು ನಾಚಿಕೆಪಡುತ್ತಾರೆ, ಡಾಕ್ಟರ್ ಕೇಳಿದರೂ ಮುಚ್ಚಿಡುತ್ತಾರೆ. ದಯವಿಟ್ಟು ಹೇಳಿ. ವಿಷ ಮೈಗೆ ಏರಿದೆ ಅನ್ನುವುದಕ್ಕೆ ಇಷ್ಟು ಸ್ಪಷ್ಟವಾದ ಮುನ್ಸೂಚನೆ ಬೇರೆ ಕಡಿಮೆ.

ಆಮೇಲೆ ಎರಡನೆಯದು ಮೇಲುಗೈ ಪಡೆಯುತ್ತದೆ. ಅಡ್ರಿನಲಿನ್, ನಾರ್‌ಅಡ್ರಿನಲಿನ್ ರಕ್ತಕ್ಕೆ ಸುರಿಯುತ್ತವೆ. ರಕ್ತನಾಳಗಳು ಬಿಗಿದುಕೊಳ್ಳುತ್ತವೆ. ಅದಕ್ಕೇ ಕೈಕಾಲು ಮಂಜಿನಂತೆ ತಣ್ಣಗಾಗುವುದು. ಬಿಪಿ ಏರುತ್ತದೆ, ಎದೆ ಡವಡವ ಹೊಡೆದುಕೊಳ್ಳುತ್ತದೆ, ರಕ್ತದಲ್ಲಿ ಸಕ್ಕರೆ ಏರುತ್ತದೆ, ಇನ್ಸುಲಿನ್ ಕೆಲಸ ತಗ್ಗುತ್ತದೆ. ಬಿಗಿದುಕೊಂಡ ನಾಳಗಳೊಳಗೆ ರಕ್ತ ತಳ್ಳಬೇಕಾದ ಹೃದಯ ದಣಿಯುತ್ತದೆ. ಅಷ್ಟು ಅಡ್ರಿನಲಿನ್ ಹೃದಯದ ಸ್ನಾಯುವಿಗೇ ಪೆಟ್ಟು ಕೊಡುತ್ತದೆ. ಮುಂದೆ ತಳ್ಳಲಾಗದ ರಕ್ತ ಹಿಂದೆ ಶ್ವಾಸಕೋಶದಲ್ಲಿ ಕಟ್ಟಿಕೊಳ್ಳುತ್ತದೆ, ನೀರಿನಂಶ ಗಾಳಿಗೂಡುಗಳಿಗೆ ಸೋರುತ್ತದೆ. ಕೆಮ್ಮು, ಏದುಸಿರು, ಮಲಗಿದರೆ ಉಸಿರು ಕಟ್ಟುವುದು, ಕೊನೆಗೆ ಬಾಯಿಂದ ಗುಲಾಬಿ ಬಣ್ಣದ ನೊರೆ. ಚೇಳು ಕಡಿದು ಸಾಯುವವರಲ್ಲಿ ಹೆಚ್ಚಿನವರು ಸಾಯುವುದು ಹೀಗೆ.

ಅಂದರೆ ಚೇಳಿನ ವಿಷ ಶ್ವಾಸಕೋಶವನ್ನು ನೇರವಾಗಿ ಕೊರೆಯುವುದಿಲ್ಲ. ವಿಷ ಕೆರಳಿಸುತ್ತದೆ, ಉಳಿದ ಅನಾಹುತವನ್ನು ನಮ್ಮದೇ ಹಾರ್ಮೋನುಗಳು ಮಾಡುತ್ತವೆ. ಈ ಒಂದು ಮಾತು ಮನಸ್ಸಿಗೆ ಹತ್ತಿದರೆ ಚಿಕಿತ್ಸೆಯೂ ಅರ್ಥವಾಗುತ್ತದೆ. ಮಕ್ಕಳಿಗೆ ಯಾಕೆ ಅಷ್ಟು ಅಪಾಯ ಅನ್ನುವುದು ಬರೀ ಲೆಕ್ಕ. ಚೇಳು ದೊಡ್ಡವರಿಗೂ ಮಗುವಿಗೂ ಚುಚ್ಚುವುದು ಅಷ್ಟೇ ವಿಷ. ಅರವತ್ತು ಕಿಲೋ ಮೈಯಲ್ಲಿ ಹರಡುವುದು ಹತ್ತು ಕಿಲೋ ಮೈಯಲ್ಲಿ ಹರಡಿದರೆ ಆರು ಪಟ್ಟು ಗಾಢ, ಅಲ್ವಾ?

ಗಂಟೆ ಗಂಟೆಗೂ ಏನು ನೋಡಬೇಕು

ವಿಷ ಮೈಗೆ ಏರುವ ಲಕ್ಷಣಗಳು ಹೆಚ್ಚಾಗಿ ಅರ್ಧ ಗಂಟೆಯಿಂದ ಕೆಲವು ಗಂಟೆಯೊಳಗೆ ಶುರುವಾಗುತ್ತವೆ. ಶ್ವಾಸಕೋಶದಲ್ಲಿ ನೀರು ತುಂಬುವುದು ಬೇಗನೆಯೂ ಆಗಬಹುದು, ಹತ್ತು ಗಂಟೆ ದಾಟಿದ ಮೇಲೂ ಆಗಬಹುದು. ಅದಕ್ಕೇ ಆಸ್ಪತ್ರೆಯಲ್ಲಿ, ಅದರಲ್ಲೂ ಮಕ್ಕಳನ್ನು, 24 ಗಂಟೆ ಇಟ್ಟುಕೊಳ್ಳುತ್ತಾರೆ. "ಈಗ ಚೆನ್ನಾಗಿದ್ದಾನಲ್ಲ, ಮನೆಗೆ ಕಳಿಸಿ" ಅಂತ ಜಗಳ ಆಡಬೇಡಿ.

ಮನೆಯಲ್ಲಿ ಕಾಯುತ್ತಿದ್ದರೂ, ಗಾಡಿಯಲ್ಲಿ ಹೋಗುತ್ತಿದ್ದರೂ ಕಾಲು ಗಂಟೆಗೊಮ್ಮೆ ಇಷ್ಟು ನೋಡಿ. ಅಂಗೈ, ಅಂಗಾಲು ಮುಟ್ಟಿ: ಬೆಚ್ಚಗಿದೆಯಾ, ತಣ್ಣಗಿದೆಯಾ? ಹಣೆ, ಎದೆ, ಬೆನ್ನು ಒದ್ದೆಯಾಗಿದೆಯಾ? ಎಷ್ಟು ಸಲ ವಾಂತಿ ಆಯಿತು? ಕೆಮ್ಮುತ್ತಿದ್ದಾರಾ, ಉಸಿರು ಜೋರಾಯಿತಾ, ಒಂದು ವಾಕ್ಯ ಪೂರ್ತಿ ಹೇಳಲು ಆಗುತ್ತಿದೆಯಾ? ನಾಡಿ ಎಣಿಸಲು ಬಂದರೆ ಎಣಿಸಿ, ಬರೆದಿಡಿ. ಸುಮ್ಮನೆ ಕೂತ ದೊಡ್ಡವರ ನಾಡಿ ನಿಮಿಷಕ್ಕೆ 60ರಿಂದ 100ರೊಳಗೆ ಇರಬೇಕು. ಇವುಗಳಲ್ಲಿ ಒಂದು ಕೆಟ್ಟರೂ ಮನೆಯಲ್ಲಿ ಕಾಯುವುದು ಮುಗಿಯಿತು, ಹೊರಡಿ.

ಮಾತು ಬಾರದ ಕೂಸಿನ ವಿಷಯ ಬೇರೆಯೇ. ಮಲಗಿದ್ದ ಮಗು ಇದ್ದಕ್ಕಿದ್ದಂತೆ ಕಿರುಚಿ, ಎದೆಹಾಲಿಗೂ ಸುಮ್ಮನಾಗದೆ, ಬೆವತು, ಜೊಲ್ಲು ಸುರಿಸಿ, ಕೈಕಾಲು ಬಡಿಯುತ್ತಿದ್ದರೆ ದೃಷ್ಟಿ ತೆಗೆಯುವ ಮೊದಲು ತೊಟ್ಟಿಲು ಬಟ್ಟೆ ಕೊಡವಿ ನೋಡಿ. ಚೇಳು ಕಡಿದ ಗುರುತು ಬಹಳ ಸಲ ಕಾಣುವುದೇ ಇಲ್ಲ. ದೊಡ್ಡ ಊತವೂ ಇರುವುದಿಲ್ಲ.

ಚೇಳೇ ಅಂತ ಗ್ಯಾರಂಟಿ ಇಲ್ಲದಿದ್ದರೆ

ಕತ್ತಲಲ್ಲಿ ಏನೋ ಕಡಿಯಿತು, ನೋಡಿದವರಿಲ್ಲ. ಆಗ ಹಾವು ಕಡಿದಿದೆ ಅಂತಲೇ ಲೆಕ್ಕ ಹಾಕಿ ಆಸ್ಪತ್ರೆಗೆ ಹೋಗಬೇಕು. ಅದರಲ್ಲೂ ಕಟ್ಟು ಹಾವು ನೆಲದ ಮೇಲೆ ಮಲಗಿದವರನ್ನು ರಾತ್ರಿ ಕಡಿಯುತ್ತದೆ, ನೋವೇ ಇರುವುದಿಲ್ಲ, ಗುರುತೂ ಕಾಣುವುದಿಲ್ಲ. ಬೆಳಗಿನ ಜಾವ ಹೊಟ್ಟೆನೋವು ಅಂತ ಏಳುತ್ತಾರೆ, ಕಣ್ಣಿನ ರೆಪ್ಪೆ ಇಳಿಬೀಳುತ್ತದೆ, ಮಾತು ತೊದಲುತ್ತದೆ. ಚೇಳಿನಲ್ಲಿ ಹೀಗಾಗುವುದಿಲ್ಲ. ಮಂಡಲದ ಹಾವಾದರೆ ಊತ ಏರುತ್ತಾ ಹೋಗುತ್ತದೆ, ರಕ್ತ ಹೆಪ್ಪುಗಟ್ಟುವುದಿಲ್ಲ. ಅದಕ್ಕೇ ಆಸ್ಪತ್ರೆಯಲ್ಲಿ ಸ್ವಲ್ಪ ರಕ್ತವನ್ನು ಗಾಜಿನ ಕೊಳವೆಯಲ್ಲಿ 20 ನಿಮಿಷ ಇಟ್ಟು ನೋಡುತ್ತಾರೆ.

ಇನ್ನೊಂದು ಗೊಂದಲ. ಹಾವಿಗೆ ಕೊಡುವ ಆಂಟಿವೆನಮ್, ಅಂದರೆ ವಿಷ ಇಳಿಸುವ ಇಂಜೆಕ್ಷನ್, ಚೇಳಿಗೆ ಕೆಲಸ ಮಾಡುವುದಿಲ್ಲ. ನಮ್ಮಲ್ಲಿ ಸಿಗುವ ಹಾವಿನ ಆಂಟಿವೆನಮ್ ನಾಗರ, ಕಟ್ಟು, ಕೊಳಕು ಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ ಮಾತ್ರ. "ವಿಷದ ಇಂಜೆಕ್ಷನ್ ಇದೆ, ಹಾಕ್ತಿಲ್ಲ" ಅಂತ ಡಾಕ್ಟರ ಮೇಲೆ ಕೂಗಾಡುವ ಮೊದಲು ಇದನ್ನು ನೆನಪಿಸಿಕೊಳ್ಳಿ.

ಮಾಡಬಾರದ್ದು

ಹಗ್ಗ, ದಾರ, ಟವೆಲ್ ಬಿಗಿದು ಕಟ್ಟಬೇಡಿ. ಬ್ಲೇಡಿನಿಂದ ಕೊಯ್ಯಬೇಡಿ, ಬಾಯಿಂದ ಹೀರಬೇಡಿ, ಸುಡಬೇಡಿ. ಸೀಮೆಎಣ್ಣೆ, ಸುಣ್ಣ, ಹೊಗೆಸೊಪ್ಪು ಹಚ್ಚಬೇಡಿ. ಹೆಂಡ ಕುಡಿಸಬೇಡಿ. ನೋವು ಮರೆಯಲಿ ಅಂತ ಕುಡಿಸಿದರೆ ಆಮೇಲೆ ವಾಂತಿ ವಿಷದ್ದೋ ಹೆಂಡದ್ದೋ ಯಾರಿಗೂ ಗೊತ್ತಾಗುವುದಿಲ್ಲ.

ಮಂತ್ರ ಹಾಕಿಸುವುದು, ಹುಣಸೆ ಬೀಜ ತೇಯ್ದು ಅಂಟಿಸುವುದು, ಉತ್ತರಾಣಿ ಬೇರು ಅರೆದು ಹಚ್ಚುವುದು. ಇವು ನಮ್ಮ ಹಳ್ಳಿಗಳಲ್ಲಿ ಇವತ್ತಿಗೂ ಇವೆ. "ನಮ್ಮಜ್ಜಿಗೆ ವಾಸಿ ಆಗಿತ್ತು" ಅನ್ನುವವರು ಸುಳ್ಳು ಹೇಳುತ್ತಿಲ್ಲ. ಚೇಳು ಕಡಿದವರಲ್ಲಿ ಬಹುಪಾಲು ಮಂದಿಗೆ ಬರೀ ನೋವಾಗುತ್ತದೆ, ಅದು ಏನೂ ಮಾಡದಿದ್ದರೂ ಕೆಲವು ಗಂಟೆಯಲ್ಲಿ ಇಳಿಯುತ್ತದೆ. ಆ ಹೊತ್ತಿನಲ್ಲಿ ಏನು ಹಚ್ಚಿದ್ದರೂ ಹೆಸರು ಅದಕ್ಕೆ ಬರುತ್ತದೆ. ನನ್ನ ತಕರಾರು ಬೇರಿನ ಬಗ್ಗೆ ಅಲ್ಲ, ಅದಕ್ಕಾಗಿ ಪಕ್ಕದೂರಿಗೆ ಹೋಗಿ ಕಳೆಯುವ ಎರಡು ಗಂಟೆಯ ಬಗ್ಗೆ. ಅಜ್ಜ ಮಂತ್ರ ಹಾಕಲೇಬೇಕು ಅಂತಿದ್ದರೆ ಗಾಡಿಯಲ್ಲೇ ಹಾಕಲಿ.

ಯಾದಗಿರಿ ಜಿಲ್ಲೆಯ ಕಂದಕೂರಿನಲ್ಲಿ ನಾಗರ ಪಂಚಮಿಯ ದಿನ ಜನ ಕೊಂಡಮ್ಮಾಯಿ ಬೆಟ್ಟ ಹತ್ತಿ, ಕಲ್ಲಿನಡಿ ಇರುವ ಚೇಳುಗಳನ್ನು ಹಿಡಿದು ಕೈಮೇಲೆ, ಮುಖದ ಮೇಲೆ ಬಿಟ್ಟುಕೊಳ್ಳುತ್ತಾರೆ. ಅವರ ಭಕ್ತಿ ಅವರದ್ದು. ಆ ವಿಡಿಯೋ ನೋಡಿ ಮನೆ ಹಿತ್ತಲಿನ ಚೇಳಿನ ಮೇಲೆ ಮಕ್ಕಳು ಪ್ರಯೋಗ ಮಾಡದಂತೆ ನೋಡಿಕೊಳ್ಳುವುದು ನಿಮ್ಮ ಕೆಲಸ.

ಆಸ್ಪತ್ರೆಯಲ್ಲಿ ಏನಾಗುತ್ತದೆ

ಮೊದಲು ನಾಡಿ, ಬಿಪಿ, ಉಸಿರು, ಆಮ್ಲಜನಕದ ಮಟ್ಟ ನೋಡುತ್ತಾರೆ, ಇಸಿಜಿ ತೆಗೆಯುತ್ತಾರೆ. ಬರೀ ನೋವಾದರೆ ಕಡಿದ ಬೆರಳಿಗೆ ಮರಗಟ್ಟಿಸುವ ಇಂಜೆಕ್ಷನ್ ಕೊಡಬಹುದು. ಟಿಟಿ ಚುಚ್ಚುಮದ್ದೂ ಕೊಡಬಹುದು. ವಿಷ ಮೈಗೆ ಏರಿದ್ದರೆ ಕೊಡುವ ಮುಖ್ಯ ಔಷಧ ಪ್ರಜೋಸಿನ್ ಅನ್ನುವ ಮಾತ್ರೆ. ಹೌದು, ಮಾತ್ರೆ. ಅದೂ ಬಿಪಿಗೆ ಅಂತ ಇದ್ದ ಹಳೆಯ, ಅಗ್ಗದ ಮಾತ್ರೆ.

ಇದರ ಹಿಂದೆ ಒಬ್ಬ ಹಳ್ಳಿ ಡಾಕ್ಟರ ಹಟವಿದೆ. ಮಹಾರಾಷ್ಟ್ರದ ರಾಯಗಡ ಜಿಲ್ಲೆಯ ಮಹಾಡ್ ಹತ್ತಿರ ಬಿರವಾಡಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ 1976ರಲ್ಲಿ ಬಂದ ಹಿಮ್ಮತರಾವ್ ಬಾವಸ್ಕರ್ ಅವರು, ಚೇಳು ಕಡಿದ ರೋಗಿಗಳು ಶ್ವಾಸಕೋಶದಲ್ಲಿ ನೀರು ತುಂಬಿ ಸಾಯುವುದನ್ನು ಕಂಡರು. ಆಗಿನ ವೈದ್ಯ ಪುಸ್ತಕಗಳಲ್ಲಿ ಇದಕ್ಕೆ ಸರಿಯಾದ ಉತ್ತರವಿರಲಿಲ್ಲ. ಅವರು ರೋಗಿಯ ಪಕ್ಕ ಕೂತು ಗಂಟೆಗಟ್ಟಲೆ ಲಕ್ಷಣ ಬರೆದುಕೊಂಡರು. ವಾಂತಿ, ಬೆವರು, ತಣ್ಣನೆಯ ಕೈಕಾಲು ಮುನ್ಸೂಚನೆ ಅನ್ನುವುದು ಹೊರಬಂದದ್ದು ಹೀಗೆ. ಅದು 1982ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಬಿಗಿದ ರಕ್ತನಾಳಗಳನ್ನು ಸಡಿಲಿಸುವ ಪ್ರಜೋಸಿನ್ ಕೊಟ್ಟು ನೋಡಿದ್ದು ಅದರ ಮುಂದಿನ ಹೆಜ್ಜೆ. ಅದಕ್ಕಿಂತ ಮೊದಲು ಪಶ್ಚಿಮ ಭಾರತದಲ್ಲಿ ಗಂಭೀರವಾಗಿ ಬಂದವರಲ್ಲಿ ನೂರಕ್ಕೆ 25ರಿಂದ 30 ಮಂದಿ ಸಾಯುತ್ತಿದ್ದರು. ಪ್ರಜೋಸಿನ್ ಬಂದ ಮೇಲೆ ಅದು ನೂರಕ್ಕೆ ಒಂದರ ಆಸುಪಾಸಿಗೆ ಇಳಿಯಿತು. ಬಾವಸ್ಕರ್ ಅವರಿಗೆ 2022ರಲ್ಲಿ ಪದ್ಮಶ್ರೀ ಸಿಕ್ಕಿತು. ದೊಡ್ಡ ಪ್ರಯೋಗಾಲಯವಿಲ್ಲ, ದೊಡ್ಡ ಯಂತ್ರವಿಲ್ಲ. ರೋಗಿಯನ್ನು ಕಣ್ಣಿಟ್ಟು ನೋಡಿದ್ದೇ ಬಂಡವಾಳ.

ಚೇಳಿನ ವಿಷಕ್ಕೇ ಅಂತ ತಯಾರಿಸಿದ ಆಂಟಿವೆನಮ್ ಕೂಡ ನಮ್ಮ ದೇಶದಲ್ಲಿದೆ. ಬಾವಸ್ಕರ್ ದಂಪತಿ 70 ರೋಗಿಗಳ ಮೇಲೆ ನಡೆಸಿದ ಅಧ್ಯಯನವೊಂದು 2011ರಲ್ಲಿ ಬಂತು. ಪ್ರಜೋಸಿನ್ ಜೊತೆ ಆಂಟಿವೆನಮ್ ಕೂಡ ಪಡೆದ 35 ಮಂದಿಯಲ್ಲಿ 32 ಮಂದಿ ಹತ್ತು ಗಂಟೆಯೊಳಗೆ ಪೂರ್ತಿ ಚೇತರಿಸಿಕೊಂಡರು. ಬರೀ ಪ್ರಜೋಸಿನ್ ಪಡೆದ 35 ಮಂದಿಯಲ್ಲಿ ಅಷ್ಟು ಬೇಗ ಚೇತರಿಸಿಕೊಂಡವರು 8 ಮಂದಿ. ಅಂದರೆ ಎರಡೂ ಸಿಕ್ಕಿದರೆ ಒಳ್ಳೆಯದು. ಆದರೆ ಚೇಳಿನ ಆಂಟಿವೆನಮ್ ಎಲ್ಲ ಕಡೆ ಇರುವುದಿಲ್ಲ. ಅದನ್ನು ಹುಡುಕುತ್ತಾ ಊರೂರು ಅಲೆಯುವುದಕ್ಕಿಂತ ಹತ್ತಿರದಲ್ಲಿ ಪ್ರಜೋಸಿನ್ ಶುರು ಮಾಡಿಸಿಕೊಂಡು ಆಮೇಲೆ ದೊಡ್ಡಾಸ್ಪತ್ರೆಗೆ ಹೋಗುವುದು ಜಾಣತನ.

ಪ್ರಜೋಸಿನ್ ಕೊಟ್ಟ ಮೇಲೆ ಮನೆಯವರು ಮಾಡಬೇಕಾದ ಒಂದು ಕೆಲಸವಿದೆ. ರೋಗಿ ಮಲಗಿಯೇ ಇರಬೇಕು. ಈ ಮಾತ್ರೆ ರಕ್ತನಾಳ ಸಡಿಲಿಸುವುದರಿಂದ ಎದ್ದು ಕೂತರೆ, ನಿಂತರೆ ಬಿಪಿ ಗಕ್ಕನೆ ಬೀಳಬಹುದು. ಮಗು ಅಳುತ್ತಿದೆ ಅಂತ ಹೆಗಲ ಮೇಲೆ ಎತ್ತಿಕೊಳ್ಳಬೇಡಿ. ಪಕ್ಕದಲ್ಲಿ ಮಲಗಿ ಸಮಾಧಾನ ಮಾಡಿ. ಬಾತ್‌ರೂಮಿಗೆ ಕರೆದೊಯ್ಯುವ ಮೊದಲು ನರ್ಸನ್ನು ಕೇಳಿ. ಮಾತ್ರೆಯ ಪ್ರಮಾಣವನ್ನು ಡಾಕ್ಟರ್ ತೂಕ ನೋಡಿ ಲೆಕ್ಕ ಹಾಕುತ್ತಾರೆ, ಕೆಲವು ಗಂಟೆಗೊಮ್ಮೆ ಮತ್ತೆ ಕೊಡುತ್ತಾರೆ. ಆದ್ದರಿಂದ ಇದನ್ನು ತಂದು ಮನೆಯಲ್ಲಿ ಇಟ್ಟುಕೊಂಡು ನೀವೇ ನುಂಗಿಸುವ ಯೋಚನೆ ಬೇಡ.

ತಣ್ಣಗಿದ್ದ ಅಂಗಾಲು ಬೆಚ್ಚಗಾಗುತ್ತಾ ಬಂದರೆ ಗುಣವಾಗುತ್ತಿದೆ ಅಂತ ತಿಳಿಯಬಹುದು. ಅಷ್ಟರಲ್ಲಿ ವಾಂತಿ, ಬೆವರಿನಿಂದ ಮೈಯಲ್ಲಿ ನೀರು ಕಡಿಮೆಯಾಗಿರುತ್ತದೆ. ಡಾಕ್ಟರ್ ಒಪ್ಪಿದರೆ ಓಆರ್‌ಎಸ್ ಗುಟುಕು ಗುಟುಕಾಗಿ ಕುಡಿಸಿ. ಬೇಗ ಆಗಲಿ ಅಂತ ಡ್ರಿಪ್ ಜೋರು ಮಾಡಿಸುವ ಹುಕಿ ಬೇಡ. ಶ್ವಾಸಕೋಶದಲ್ಲಿ ನೀರು ತುಂಬುವ ಭಯವಿರುವ ರೋಗಿಗೆ ಅಳತೆ ತಪ್ಪಿದ ಗ್ಲೂಕೋಸ್ ಬಾಟಲಿ ಒಳ್ಳೆಯದಲ್ಲ. ಹಾಗೆಯೇ ಸ್ಟೀರಾಯ್ಡ್, ಅಲರ್ಜಿ ಇಂಜೆಕ್ಷನ್‌ಗಳಿಂದ ಚೇಳಿನ ವಿಷ ಇಳಿಯುವುದಿಲ್ಲ. "ಎರಡು ಸೂಜಿ ಹಾಕಿ ಕಳಿಸಿಬಿಡಿ ಡಾಕ್ಟ್ರೇ" ಅಂತ ಒತ್ತಾಯ ಮಾಡಬೇಡಿ.

ಜೊತೆಯಲ್ಲಿ ಒಯ್ಯಬೇಕಾದ್ದು: ಕಡಿದ ಹೊತ್ತಿನ ಚೀಟಿ, ಚೇಳಿನ ಫೋಟೋ ಇದ್ದರೆ ಅದು, ದಿನವೂ ತೆಗೆದುಕೊಳ್ಳುವ ಮಾತ್ರೆಗಳ ಪಟ್ಟಿ, ಮನೆಯಲ್ಲಿ ಏನು ಕೊಟ್ಟಿರಿ, ಏನು ಹಚ್ಚಿದಿರಿ ಅನ್ನುವ ವಿವರ. ನಾಟಿ ಔಷಧ ಕೊಟ್ಟಿದ್ದರೂ ಮುಚ್ಚಿಡಬೇಡಿ. ಬೈಗುಳ ತಿನ್ನಬೇಕಾದೀತು, ಪರವಾಗಿಲ್ಲ.

ಊರು ಬಿಟ್ಟು ದೂರ ಇರುವವರಿಗೆ

ಕೊಲ್ಲಿ ದೇಶಗಳಲ್ಲಿ ಕಟ್ಟಡ ಕೆಲಸ, ತೋಟದ ಕೆಲಸ ಮಾಡುವ ನಮ್ಮವರು ಬಹಳ. ಅಲ್ಲಿಯ ಮರುಭೂಮಿಯ ಹಳದಿ ಚೇಳು, ದಪ್ಪ ಬಾಲದ ಕರಿ ಚೇಳು ಎರಡೂ ಅಪಾಯದವು. ಅಂದರೆ ನಮ್ಮೂರಿನ "ಕರಿ ಚೇಳಾದರೆ ಭಯವಿಲ್ಲ" ಅನ್ನುವ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಯಾವುದು ಕಡಿದರೂ ಆಸ್ಪತ್ರೆಗೆ ಹೋಗಿ. ಅಮೆರಿಕದ ಅರಿಜೋನಾದಲ್ಲಿರುವವರಿಗೆ ತೊಗಟೆ ಚೇಳಿನ ಕಾಟ. ಅದರ ವಿಷ ಏರಿದ ಮಕ್ಕಳಲ್ಲಿ ಕಣ್ಣುಗುಡ್ಡೆ ಹಿಡಿತವಿಲ್ಲದೆ ಹೊರಳಾಡುತ್ತದೆ, ನಾಲಿಗೆ, ಕೈಕಾಲು ಅದುರುತ್ತವೆ. ಅಲ್ಲಿ ವಿಷ ಸಹಾಯವಾಣಿ 1-800-222-1222ಕ್ಕೆ ಫೋನ್ ಮಾಡಿದರೆ ಮುಂದೇನು ಅಂತ ಹೇಳುತ್ತಾರೆ.

ಕಡಿಯುವ ಮೊದಲೇ ಮಾಡಿಡಬೇಕಾದ್ದು

ಹಗಲಲ್ಲಿ, ಯಾರಿಗೂ ಏನೂ ಆಗದಿರುವಾಗ, ನಿಮ್ಮ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ ಎರಡು ಪ್ರಶ್ನೆ ಕೇಳಿ ಬನ್ನಿ. ರಾತ್ರಿ ಡಾಕ್ಟರ್ ಇರುತ್ತಾರಾ? ಪ್ರಜೋಸಿನ್ ಇದೆಯಾ? ಎರಡಕ್ಕೂ ಇಲ್ಲ ಅಂದರೆ ಮುಂದಿನ ಆಸ್ಪತ್ರೆ ಯಾವುದು, ಎಷ್ಟು ದೂರ ಅಂತ ತಿಳಿದುಕೊಳ್ಳಿ. ಗ್ರಾಮ ಪಂಚಾಯಿತಿ ಸದಸ್ಯರು ಓದುತ್ತಿದ್ದರೆ, ಈ ಮಾತ್ರೆ ನಿಮ್ಮ ಕೇಂದ್ರಕ್ಕೆ ತರಿಸುವುದು ಬಹಳ ದುಬಾರಿ ಕೆಲಸವೇನಲ್ಲ.

ಚೇಳು ರಾತ್ರಿ ಓಡಾಡುತ್ತದೆ. ಹಗಲು ಕಲ್ಲು, ಸೌದೆ, ಹುಲ್ಲು, ಇಟ್ಟಿಗೆ, ಹೆಂಚಿನ ಸಂದಿಯಲ್ಲಿ ಅಡಗಿರುತ್ತದೆ. ಬೇಸಿಗೆಯ ಕೊನೆಗೆ, ಮೊದಲ ಮಳೆ ಬಿದ್ದಾಗ ಹೊರಬರುವುದು ಜಾಸ್ತಿ. ಮನೆಗೆ ಬರುವುದು ಹೆಚ್ಚಾಗಿ ಜಿರಲೆ, ಮಿಡತೆ ಹುಡುಕಿಕೊಂಡು. ಆದ್ದರಿಂದ ಜಿರಲೆ ಕಡಿಮೆಯಾದರೆ ಚೇಳೂ ಕಡಿಮೆ. ಸೌದೆ, ಇಟ್ಟಿಗೆ ರಾಶಿಯನ್ನು ಗೋಡೆಗೆ ತಾಗಿಸಿ ಇಡಬೇಡಿ. ಬಾಗಿಲ ಕೆಳಗಿನ ಸಂದಿ, ಬಚ್ಚಲ ತೂತು ಮುಚ್ಚಿ. ಮಂಚದ ಮೇಲೆ ಮಲಗಿ, ಮಂಚ ಗೋಡೆಯಿಂದ ಒಂದು ಗೇಣು ದೂರವಿರಲಿ, ಹೊದಿಕೆ ನೆಲ ಮುಟ್ಟದಿರಲಿ. ಸೊಳ್ಳೆ ಪರದೆಯನ್ನು ಹಾಸಿಗೆಯಡಿ ಸಿಕ್ಕಿಸಿದರೆ ಸೊಳ್ಳೆ, ಚೇಳು, ಕಟ್ಟು ಹಾವು ಮೂರಕ್ಕೂ ತಡೆ.

ಹುಲ್ಲಿನ ಬಣವೆಗೆ, ಕಾಯಿ ರಾಶಿಗೆ, ಕಲ್ಲಿನ ಸಂದಿಗೆ ಬರಿಗೈ ಹಾಕಬೇಡಿ. ಮೊದಲು ಕೋಲಿನಲ್ಲಿ ಅಲುಗಾಡಿಸಿ. ಗೋಡೆಯ ಮೊಳೆಗೆ ನೇತುಹಾಕಿದ ಅಂಗಿ, ಪ್ಯಾಂಟು ಹಾಕಿಕೊಳ್ಳುವ ಮೊದಲು ಕೊಡವಿ. ಮಕ್ಕಳ ಸ್ಕೂಲ್ ಶೂ ಬೆಳಗ್ಗೆ ತಲೆಕೆಳಗೆ ಮಾಡಿ ಬಡಿಯುವುದನ್ನು ಅವರಿಗೇ ಕಲಿಸಿ.

ಇನ್ನು ಮಕ್ಕಳಿಗೆ ಖುಷಿ ಕೊಡುವ ಒಂದು ಉಪಾಯ. ಅತಿನೇರಳೆ (ಯುವಿ) ಬೆಳಕಿನ ಟಾರ್ಚು, ನೋಟು ಪರೀಕ್ಷೆ ಮಾಡುವಂಥದ್ದು, ಸಿಗುತ್ತದೆ. ಕತ್ತಲಲ್ಲಿ ಅದನ್ನು ಹಿಡಿದರೆ ಚೇಳಿನ ಮೈ ಹಸಿರು ನೀಲಿಯಾಗಿ ಹೊಳೆಯುತ್ತದೆ. ಅದರ ಚಿಪ್ಪಿನಲ್ಲಿರುವ ವಸ್ತುಗಳ ಗುಣ ಅದು. ಮಾಮೂಲಿ ಟಾರ್ಚಿಗೆ ಕಾಣದ ಚೇಳು ಇದಕ್ಕೆ ಹತ್ತು ಹೆಜ್ಜೆ ದೂರದಿಂದಲೇ ಕಾಣುತ್ತದೆ. ಆಗಷ್ಟೇ ಪೊರೆ ಬಿಟ್ಟ ಚೇಳು ಮಾತ್ರ ಅಷ್ಟು ಹೊಳೆಯುವುದಿಲ್ಲ. ಮಲಗುವ ಮೊದಲು ಅಂಗಳ, ಬಚ್ಚಲು, ಮಂಚದ ಕೆಳಗೆ ಒಂದು ಸುತ್ತು ಹಾಕಿ. ಕಂಡರೆ ಉದ್ದನೆಯ ಇಕ್ಕಳದಲ್ಲಿ ಹಿಡಿದು ಮುಚ್ಚಳವಿರುವ ಡಬ್ಬಿಗೆ ಹಾಕಿ ದೂರ ಬಿಡಿ. ಬರಿಗಾಲಲ್ಲಿ ಮಾತ್ರ ಈ ಬೇಟೆಗೆ ಇಳಿಯಬೇಡಿ. ಆ ಬೆಳಕನ್ನು ಯಾರ ಕಣ್ಣಿಗೂ ಬಿಡಬೇಡಿ.